ರಾಕ್ಷಸನ ಬಾಯಿಯ ಮುಂದೆ ಬಿಟ್ಟ ಚಪ್ಪಲಿ

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಮುಖದೆದುರೇ ನಗುತ್ತಿದ್ದವಳು ನಾನು. ಈಗಲೂ ನೀವು ನಂಬಲೇಬೇಕು ಎನ್ನುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕೋವಿಡ್‌ನ ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ಅಪ್ಪ ತೀರಿಕೊಂಡರು. ನಾನು ಅಮೆರಿಕದಲ್ಲಿದ್ದೆ, ನನ್ನ ವೀಸಾ ಸ್ಟ್ಯಾಂಪಿಂಗ್ ಆಗಿರಲಿಲ್ಲ. ಹೋದರೆ ವಾಪಸ್ ಬರಲಾಗುತ್ತದೋ ಇಲ್ಲವೋ ಎಂದು ಹೆದರಿ ನಾನು ಹೊರಡಲಿಲ್ಲ. ಎಲ್ಲವನ್ನೂ ಫೋನಿನಲ್ಲೇ ನೋಡಿದೆ. ಮರುವರ್ಷ ಅಮ್ಮ ನಾನಿರುವ ರಾಲಿ ನಗರಕ್ಕೆ ಬಂದಳು. ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೇ ವಾಸಿಯಿತ್ತು.

ಒಂದು ಸೋಮವಾರ ರಜೆ ಹಾಕಿ ಅವಳನ್ನು ಊರಾಚೆಯ ಶಿಲ್ಪದ ತೋಟಕ್ಕೆ ಕರೆದುಕೊಂಡು ಹೋದೆ. ಯಾರೋ ಶ್ರೀಮಂತರು ಇಟಲಿಯಲ್ಲಿ ರೆನೈಸಾನ್ಸ್ ಕಾಲದ ತೋಟವೊಂದನ್ನು ನೋಡಿ ಬಂದು, ಅದೇ ಥರ ಕಟ್ಟಿಸಿದ್ದಂತೆ. ಪಾಚಿ ಹಿಡಿದ ಆಮೆ, ರೆಕ್ಕೆಯ ಹೆಣ್ಣು, ಕೊನೆಯಲ್ಲಿ ಬಾಯಿ ತೆರೆದ ರಾಕ್ಷಸನ ತಲೆ. ಆ ಬಾಯಿಯೊಳಗೊಂದು ಕೋಣೆ. ಇವತ್ತು ನೀವಿಬ್ಬರೇ ಬಂದಿರುವುದು ಎಂದು ಗೇಟಿನ ಮುದುಕಿ ಹೇಳಿದ್ದಳು. ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಬಾಯಿಯ ಮುಂದಿನ ಮೆಟ್ಟಿಲ ಹತ್ತಿರ ಅಮ್ಮ ನಿಂತಳು.

"ಚಪ್ಪಲಿ ಬಿಡೇ."

"ಅಮ್ಮಾ, ಇದು ದೇವಸ್ಥಾನ ಅಲ್ಲ, ಮ್ಯೂಸಿಯಂ ಥರ ಅಷ್ಟೇ."

"ಗರ್ಭಗುಡಿ ಇದ್ದ ಹಾಗಿದೆ. ಸುಮ್ನೆ ಬಿಡು."

ನಾನೂ ಶೂ ಬಿಚ್ಚಿದೆ.

ಒಳಗೆ ಒಂದು ಕಲ್ಲಿನ ಬೆಂಚು ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಇಣುಕಿದೆ, ಯಾರೂ ಇಲ್ಲ.

ಹೊರಗೆ ಬಂದಾಗ ಅಮ್ಮನ ಚಪ್ಪಲಿ ತಿರುಗಿದ್ದವು. ಬಿಡುವಾಗ ಅವು ಬಾಯಿಯ ಕಡೆ ಮುಖ ಮಾಡಿದ್ದವು, ಒಂದು ಮಗುಚಿಕೊಂಡಿತ್ತು, ನಾನೇ ನೋಡಿದ್ದೆ. ಈಗ ಎರಡೂ ಜೋಡಿಯಾಗಿ, ಕಾಲು ತೂರಿಸಿ ನಡೆದುಬಿಡುವಂತೆ, ದಾರಿಯ ಕಡೆ ಮುಖ ಮಾಡಿದ್ದವು. ಬೆಳಗ್ಗೆ ಮಳೆ ಬಂದು ಮಣ್ಣಿನ ದಾರಿ ಒದ್ದೆಯಾಗಿತ್ತು. ಅದರ ಮೇಲೆ ನಮ್ಮಿಬ್ಬರ ಹೆಜ್ಜೆ ಮಾತ್ರ ಇದ್ದವು.

ಯಾವ ದೇವಸ್ಥಾನಕ್ಕೆ ಹೋದರೂ ಅಪ್ಪ ಮೊದಲು ಹೊರಗೆ ಬಂದು ನಮ್ಮ ಚಪ್ಪಲಿ ತಿರುಗಿಸಿಡುತ್ತಿದ್ದರು. ಮೊದಲು ಅಮ್ಮನದು, ಆಮೇಲೆ ನನ್ನದು.

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಯಾವಾಗ್ಲೂ ಇಷ್ಟೇ, ಬೇಗ ಬಂದ್ಬಿಡ್ತಾರೆ," ಎಂದು ಚಪ್ಪಲಿ ಮೆಟ್ಟಿಕೊಂಡಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಅಂದೇ ನೋಡಿದ್ದು.

ಗಾಳಿ, ನಾಯಿ, ಗೇಟಿನ ಮುದುಕಿ, ಎಲ್ಲವನ್ನೂ ಯೋಚಿಸಿದ್ದೇನೆ. ಯಾವುದೂ ಹೊಂದುವುದಿಲ್ಲ. ಅದು ಹೇಗಾಯಿತು ಎನ್ನುವುದನ್ನಾದರೂ ಒಂದು ದಿನ ಮರೆತೇನು, ಇದನ್ನು ಮಾತ್ರ ಮರೆಯಲಾರೆ. ಅಮ್ಮನ ಚಪ್ಪಲಿಯ ಪಕ್ಕದಲ್ಲೇ ನನ್ನ ಶೂಗಳಿದ್ದವು. ನಾನು ಬಿಚ್ಚಿಟ್ಟ ಹಾಗೆಯೇ, ರಾಕ್ಷಸನ ಬಾಯಿಯ ಕಡೆ ಮುಖ ಮಾಡಿಕೊಂಡು.