ದಿಂಬುಗಲ್ಲಿನ ಮನೆಯ ಉಮೆನೊ

ಉಮೆನೊ ಇಶಿಗೆಗೆ ಎಪ್ಪತ್ತಮೂರು ವರ್ಷ. ಹುಟ್ಟಿದ ಮನೆಯಲ್ಲೇ ಇದ್ದವಳು. ಮದುವೆಯಾದಾಗ ಗಂಡನೇ ಆ ಮನೆಗೆ ಬಂದ. ಇಷ್ಟು ವರ್ಷಗಳಲ್ಲಿ ಅವಳು ಒಂದು ದಿನವೂ ಕಾಲು ನೀಡಿ ಮಲಗಿರಲಿಲ್ಲ. ಇದಕ್ಕೆ ಕಾರಣ ಒಂದು ಕಲ್ಲು.

ಕಲ್ಲು ಇದ್ದದ್ದು ಮನೆಯ ಉತ್ತರಕ್ಕೆ, ಅವಳ ಮೂಲಂಗಿ ಪಾತಿಯ ನಡುವೆ. ನಾನೂರು ವರ್ಷಗಳ ಹಿಂದೆ ದೇಶ ಆಳುತ್ತಿದ್ದ ಶೋಗನ್ ಪ್ರಭುಗಳು ಗಿಡುಗಗಳೊಂದಿಗೆ ಈ ಕಡೆ ಬೇಟೆಗೆ ಬರುವಾಗ ತಂಗಲೆಂದು ಇಲ್ಲೊಂದು ಬಿಡದಿ ಕಟ್ಟಿಸಿದ್ದರು. ಎಲ್ಲ ಸೇರಿ ನಾಲ್ಕೋ ಐದೋ ಸಲ ಬಂದಿರಬೇಕು. ಆಮೇಲಿನ ಪ್ರಭುಗಳಿಗೆ ಬೇಟೆಯ ಹುಚ್ಚಿರಲಿಲ್ಲ. ಬಿಡದಿಯನ್ನು ಬಿಚ್ಚಿ ಮರಮುಟ್ಟುಗಳನ್ನು ಬೇರೆಡೆಗೆ ಸಾಗಿಸಿದರು. ಉಳಿದದ್ದು ಸುತ್ತಲಿನ ಮಣ್ಣಿನ ದಿಬ್ಬ, ಅದರಾಚೆ ನೀರಿಲ್ಲದ ಕಂದಕ, ಮತ್ತು ಈ ಕಲ್ಲು. ಚಪ್ಪಟೆ ಕಲ್ಲು, ನಡುವೆ ಸ್ವಲ್ಪ ತಗ್ಗು. ಪ್ರಭುಗಳು ದಿಂಬಿಟ್ಟು ಮಲಗಿದ ಜಾಗ ಇದೇ ಎಂದು ಊರು ನಂಬಿತ್ತು. ಹಾಗಾಗಿ ಅದು ದಿಂಬುಗಲ್ಲು.

ಪ್ರಭುಗಳ ದಿಂಬಿನ ಕಡೆ ಕಾಲು ಚಾಚುವಂತಿಲ್ಲ. ಅಂದರೆ ಉತ್ತರಕ್ಕೆ ಕಾಲು ಹಾಕುವಂತಿಲ್ಲ. ಉತ್ತರಕ್ಕೆ ತಲೆ ಹಾಕೋಣವೆಂದರೆ ಹಾಗೆ ಮಲಗಿಸುವುದು ಹೆಣವನ್ನು. ಉಳಿದದ್ದು ಪೂರ್ವ, ಪಶ್ಚಿಮ. ಆದರೆ ಮುತ್ತಜ್ಜ ಮನೆ ಕಟ್ಟುವಾಗ ರೇಷ್ಮೆಹುಳುಗಳಿಗೆ ಧಾರಾಳವಾಗಿ ಜಾಗ ಬಿಟ್ಟು, ಮಲಗುವ ಕೋಣೆಯನ್ನು ಆ ದಿಕ್ಕಿನಲ್ಲಿ ನಾಲ್ಕೂವರೆ ಅಡಿಗೆ ಮುಗಿಸಿದ್ದ. ನಾಲ್ಕು ತಲೆಮಾರು ಮೊಣಕಾಲು ಮಡಚಿ ಸಿಗಡಿಯಂತೆ ಮಲಗಿತು. ಹುಳುಗಳು ಹೋಗಿ ಅರವತ್ತು ವರ್ಷವಾಗಿದ್ದರೂ ಗೋಡೆ ಒಡೆಯುವುದು ಯಾರಿಗೂ ತೋಚಲಿಲ್ಲ. ಕಾಲು ಮಡಚುವುದೇ ಮನೆತನದ ಮರ್ಯಾದೆ ಎಂದಾಗಿತ್ತು. ಉಮೆನೊಳ ಗಂಡ ಉದ್ದ ಆಳು. ಮದುವೆಯಾದ ಹೊಸದರಲ್ಲಿ, "ಇದೇನು ಕೋಣೆನಾ, ಉಪ್ಪಿನಕಾಯಿ ಭರಣಿನಾ?" ಎಂದು ಕೇಳಿದ್ದ. ಪಾಪ, ಆ ಮನೆಯಲ್ಲಿ ಅವನು ನೆಟ್ಟಗೆ ಮಲಗಿದ್ದು ತೀರಿಕೊಂಡ ದಿನ, ತಲೆ ಉತ್ತರಕ್ಕೆ ಹಾಕಿ.

ಈ ಕಷ್ಟಕ್ಕೆ ಫಲವೂ ಇತ್ತು. ಪ್ರತಿವರ್ಷ ಕಡಲೆಕಾಯಿ ಒಕ್ಕಣೆ ಮುಗಿದ ಮೇಲೆ ಊರಿನ ಹನ್ನೊಂದು ಮನೆಯವರು ಸಭಾಭವನದಲ್ಲಿ ಸೇರುವಾಗ ಎಲ್ಲರಿಗಿಂತ ಮೇಲಿನ ಜಾಗ ದಿಂಬುಗಲ್ಲಿನ ಮನೆಗೆ. ಎರಡನೆಯ ಜಾಗ ಪಕ್ಕದ ಮನೆಯ ಹೇಕಿಚಿಗೆ. ಅವನ ಪೂರ್ವಜರು ಪ್ರಭುಗಳ ಕುದುರೆಗಳ ಕಾಲು ತೊಳೆದಿದ್ದರಂತೆ.

ಉಮೆನೊಳ ಮನೆಯಲ್ಲಿ ಇನ್ನೊಂದು ಆಸ್ತಿಯಿತ್ತು. ಅವಳ ಅಜ್ಜ ಕಲ್ಲಿನ ಪಕ್ಕ ಅಗೆಯುವಾಗ ಸಿಕ್ಕ, ಗೇಣುದ್ದದ ಚಪ್ಪಟೆ ಮರದ ಕಡ್ಡಿ. ಪ್ರಭುಗಳು ಅನ್ನ ಉಂಡ ಕಡ್ಡಿಯೆಂದು ಅದನ್ನು ರೇಷ್ಮೆಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಊಟದ ಕಡ್ಡಿ ಜೋಡಿಯಾಗಿರಬೇಕಲ್ಲ ಎಂದು ಒಬ್ಬರೂ ಕೇಳಲಿಲ್ಲ. ಹೊಸ ವರ್ಷದ ದಿನ ಊರಿನವರೆಲ್ಲ ಬಂದು ಅದನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಹೇಕಿಚಿಯ ಹಳೆಯ ತಲೆನೋವು ಅದರಿಂದಲೇ ಬಿಟ್ಟಿತ್ತು. ಆ ವಿಷಯವನ್ನು ಅವನು ಅಂಚೆಯವನಿಗೂ ಹೇಳಿದ್ದ.

ಕಳೆದ ವಸಂತದಲ್ಲಿ ಹಳೆಯ ಅವಶೇಷಗಳನ್ನು ಅಗೆದು ನೋಡುವ ಕುರೆಬಾಯಾಶಿ ಮೇಷ್ಟ್ರು ನಗರದಿಂದ ಬಂದು ಕಲ್ಲಿನ ಪಕ್ಕ ಅಗೆಯಲು ಅನುಮತಿ ಕೇಳಿದರು. ಉಮೆನೊ ಆಗುವುದಿಲ್ಲ ಎಂದಳು. ಬೇಲಿಯಾಚೆ ಕ್ಯಾರೆಟ್ ಕೀಳುತ್ತಿದ್ದ ಹೇಕಿಚಿ ತಲೆಯೆತ್ತಿದ.

"ಯಾಕಕ್ಕ, ಅಲ್ಲಿ ದಿಂಬೇ ಇಲ್ಲ ಅಂತ ಭಯನಾ?"

"ಭಯ ನಿಮ್ಮನೆ ಕುದುರೆಗಿರ್ಲಿ," ಎಂದಳು ಉಮೆನೊ. "ಅಗೀರಿ ಮೇಷ್ಟ್ರೇ, ಮೂಲಂಗಿ ಕಿತ್ಮೇಲೆ ಅಗೀರಿ. ಅದು ಪ್ರಭುಗಳು ಮಲಗಿದ ಜಾಗ ಅಲ್ಲ ಅಂದ್ರೆ ಸಭೇಲಿ ನಾನು ಚಪ್ಪಲಿ ಬಿಡೋ ಹತ್ರ ಕೂತ್ಕೋತೀನಿ."

ಹೇಳಿದ ಮೇಲೆ ಮಾತು ಜಾಸ್ತಿಯಾಯಿತೆಂದು ಅವಳಿಗೆ ಅನ್ನಿಸಿತು. ಆದರೆ ಹೇಕಿಚಿಯ ಮುಂದೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದು ಹೇಗೆ?

ಮೇಷ್ಟ್ರು ಹನ್ನೆರಡು ದಿನ ಸಣ್ಣ ಕರಣಿ, ಬ್ರಷ್ ಹಿಡಿದು ಕೆದಕಿದರು. ಕಲ್ಲಿನ ಪಕ್ಕದಲ್ಲಿ ದುಂಡನೆಯ ಗುಂಡಿ, ಅದರ ತುಂಬ ಕರಿಮಣ್ಣು. ಉಮೆನೊ ದಿನವೂ ಚಹಾ, ಹುರಿದ ಕಡಲೆಕಾಯಿ ಹಿಡಿದು ಬಂದು ಇಣುಕುತ್ತಿದ್ದಳು.

"ಏನಾದ್ರೂ ಸಿಕ್ತಾ?"

"ಬರೀ ಮಣ್ಣು ಅಜ್ಜಿ."

"ಪ್ರಭುಗಳ ಮಣ್ಣು," ಎಂದು ಅವಳು ಹೆಮ್ಮೆಯಿಂದ ಮೂಸಿ ನೋಡುತ್ತಿದ್ದಳು.

ಮೇಷ್ಟ್ರು ಮಣ್ಣನ್ನೂ ಆ ಕಡ್ಡಿಯ ಫೋಟೋಗಳನ್ನೂ ಪರೀಕ್ಷೆಗೆ ಒಯ್ದರು. ಫಲಿತಾಂಶ ಹಿಡಿದು ಅವರು ಮತ್ತೆ ಬಂದದ್ದು ಕಡಲೆಕಾಯಿ ಸಭೆಯ ದಿನ. ಉಮೆನೊ ಮೇಲಿನ ಜಾಗದಲ್ಲಿ ನೆಟ್ಟಗೆ ಕೂತಿದ್ದಳು. ಮೇಷ್ಟ್ರು ಮಂಡಿಯೂರಿ, ನೆಲ ನೋಡುತ್ತ ಶುರುಮಾಡಿದರು.

"ಮಣ್ಣಲ್ಲಿ ಕರಬೂಜದ ಬೀಜ ತುಂಬಾ ಸಿಕ್ಕಿದೆ."

"ಪ್ರಭುಗಳಿಗೆ ಕರಬೂಜ ಅಂದ್ರೆ ಪ್ರಾಣ," ಎಂದಳು ಉಮೆನೊ.

"ಅವು... ತಿಂದ ಕರಬೂಜದ ಬೀಜ ಅಜ್ಜಿ. ಒಳಗೆ ಹೋಗಿ, ಹೊರಗೆ ಬಂದಿರೋವು. ಜೊತೆಗೆ ಜಂತುಹುಳದ ಮೊಟ್ಟೆನೂ ಇದೆ."

ಹೇಕಿಚಿ ಮುಂದಕ್ಕೆ ಬಾಗಿ, "ಬಿಡಿಸಿ ಹೇಳಿ ಮೇಷ್ಟ್ರೇ. ಅದು ಮಲಗೋ ಮನೆ ಅಲ್ವಾ?" ಎಂದ.

"ಅಲ್ಲ. ಕಕ್ಕಸು."

ಹೇಕಿಚಿ ನಕ್ಕ ರಭಸಕ್ಕೆ ಮುಂದಿದ್ದ ಕಡಲೆಕಾಯಿ ತಟ್ಟೆ ಮಗುಚಿತು. "ಅಯ್ಯೋ ಅಕ್ಕಾ! ನಾಲ್ಕು ತಲೆಮಾರು ಕಕ್ಕಸಿಗೆ ಮರ್ಯಾದೆ ಕೊಟ್ರಲ್ಲ!"

ಉಮೆನೊ ಎದ್ದಳು. ಆಡಿದ ಮಾತಿನಂತೆ ಬಾಗಿಲವರೆಗೆ ನಡೆದು ಚಪ್ಪಲಿಗಳ ಪಕ್ಕ ಕೂತಳು. ಅವಳ ಕಿವಿ ಕೆಂಪಾಗಿತ್ತು.

"ಇನ್ನೊಂದು ವಿಷಯ ಇದೆ," ಎಂದರು ಮೇಷ್ಟ್ರು, ದನಿ ಇನ್ನಷ್ಟು ತಗ್ಗಿಸಿ. "ಆ ಕಡ್ಡಿ. ಅದು ಊಟದ್ದಲ್ಲ. ಹಿಂದೆಲ್ಲ ಕೂತು ಕೆಲಸ ಮುಗಿಸಿದ್ಮೇಲೆ ಒರೆಸ್ಕೊಳ್ಳೋಕೆ ಅಂತಾ ಕಡ್ಡಿ ಇಟ್ಟಿರ್ತಿದ್ರು."

ಹೇಕಿಚಿಯ ನಗು ಅರ್ಧಕ್ಕೇ ನಿಂತಿತು. ಅವನ ಕೈ ಮೆಲ್ಲಗೆ ಹಣೆಗೆ ಹೋಯಿತು. ಸುತ್ತ ನೋಡಿದರೆ ಹತ್ತೂ ಮನೆಯವರ ಕೈ ಹಣೆಯ ಮೇಲಿತ್ತು.

ಬಾಗಿಲ ಬಳಿಯಿಂದ ಉಮೆನೊ ಕೇಳಿದಳು. "ಹೇಕಿಚಿ, ನಿನ್ ತಲೆನೋವು ಹೋಯ್ತೋ ಇಲ್ವೋ?"

"ಹೋಯ್ತು."

"ಯಾವುದ್ರಿಂದ ಹೋಯ್ತು?"

"ಅಕ್ಕ, ಆ ಮಾತು ಬಿಟ್ಬಿಡು."

"ಬಿಟ್ಟೆ. ಮೇಷ್ಟ್ರೇ, ನೀವೊಂದು ಹೇಳಿ. ಪ್ರಭುಗಳು ಆ ಜಾಗದಲ್ಲಿ ಕಾಲು ನೀಡ್ಕೊಂಡು ಇದ್ರಾ?"

ಮೇಷ್ಟ್ರು ಪ್ರಾಮಾಣಿಕ ಮನುಷ್ಯ. ಸ್ವಲ್ಪ ಯೋಚಿಸಿ, "ಇಲ್ಲ ಅಜ್ಜಿ. ಮೊಣಕಾಲು ಮಡಚಿ ಕೂತಿರ್ತಾರೆ," ಎಂದರು.

"ನಾವೂ ಮಡಚಿದ್ವಿ. ಅಂದ್ಮೇಲೆ ನಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ."

ಈಗ ಮೇಲಿನ ಜಾಗ ಹೇಕಿಚಿಗೇ ಬರಬೇಕಿತ್ತು. ಅವನು ಆ ಜಾಗ ನೋಡಿದ, ಬಾಗಿಲು ನೋಡಿದ, ಹಣೆ ಒರೆಸಿಕೊಂಡ.

"ಬಾ ಅಕ್ಕ, ಮೇಲೆ ಕೂತ್ಕೋ. ಅದು ಊಟದ ಕಡ್ಡಿನೇ. ದಿಂಬೂ ದಿಂಬೇ. ಬೇರೆ ಊರಿನವರಿಗೆ ಗೊತ್ತಾದ್ರೆ ನಾವು ಸಂತೇಲಿ ತಲೆ ಎತ್ಕೊಂಡು ತಿರುಗೋ ಹಾಗಿರಲ್ಲ."

ಹತ್ತು ಮನೆಯವರೂ ಹೌದು ಹೌದು ಎಂದರು. ಉಮೆನೊ ನಿಧಾನವಾಗಿ ನಡೆದು ಬಂದು ತನ್ನ ಜಾಗದಲ್ಲಿ ಕೂತಳು. ಮೇಷ್ಟ್ರು ಮಾತ್ರ ಸುಳ್ಳು ಬರೆಯಲಾರೆ ಎಂದು ಒಂದು ಗಂಟೆ ಒದ್ದಾಡಿ, ಕೊನೆಗೆ ಕಲ್ಲಿನ ಬಳಿ ಹಾಕಿಸಿದ ಫಲಕದಲ್ಲಿ 'ಬಿಡದಿಯ ಉಪಕಟ್ಟಡ, ಪ್ರಭುಗಳ ಸ್ವಂತ ಉಪಯೋಗಕ್ಕೆ' ಎಂದು ಬರೆಸಿದರು.

ಆ ಚಳಿಗಾಲ ಉಮೆನೊ ಗೋಡೆ ಒಡೆಸಿದಳು. ಕೋಣೆ ಈಗ ಹನ್ನೆರಡು ಅಡಿ ಅಗಲವಿದೆ. ಅವಳು ಮಲಗಿದರೆ ಮೊಣಕಾಲು ತಾವಾಗಿಯೇ ಮಡಚಿಕೊಳ್ಳುತ್ತವೆ.

ಹೊಸ ವರ್ಷದ ದಿನ ಬೆಳಿಗ್ಗೆ ಒಬ್ಬರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೇಕಿಚಿ ತಲೆಗೆ ಟವೆಲು ಬಿಗಿದುಕೊಂಡು ಬೇಲಿಯ ಬಳಿ ನಿಂತಿದ್ದ.

"ಅಕ್ಕ, ನೋವು ತಡೆಯೋಕಾಗ್ತಿಲ್ಲ. ಅದು... ಇದೆಯಾ?"

"ತೊಳೆದಿಟ್ಟಿದ್ದೀನಿ, ಬಾ," ಎಂದಳು ಉಮೆನೊ.