ಕಂಪ್ಯೂಟರಿಗೆ ಸೋಮವಾರದ ಬಿಡುವು

ಹಾನಗಲ್ಲಿನ ನಮ್ಮ ಮನೆಯಲ್ಲಿ ನಾನು ಮಾಡುವ ಕೆಲಸ ಇಷ್ಟೇ: ಜನ ತಂದುಕೊಡುವ ಹಳೆಯ ಮದುವೆ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲಿನಲ್ಲಿ ನೋಡುವ ಹಾಗೆ ಎನ್‌ಕೋಡ್ ಮಾಡಿಕೊಡುವುದು. ಒಂದು ಮದುವೆಗೆ ಅರ್ಧ ದಿನ ಹಿಡಿಯುತ್ತದೆ. ಅಷ್ಟು ಹೊತ್ತೂ ಕಂಪ್ಯೂಟರಿನೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ, ಡಬ್ಬಿ ಬಿಸಿಯಾಗುತ್ತದೆ.

ಆ ಸದ್ದು ಅಪ್ಪನಿಗೆ ಆಗುತ್ತಿರಲಿಲ್ಲ. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಮಾರಿ ವರ್ಷಗಳಾದರೂ ಅಪ್ಪ ಆ ವಾರ ಹಿಡಿಯುವುದನ್ನು ಬಿಟ್ಟಿಲ್ಲ. "ಯವ್ವಾ, ಅದು ತೇಕೋದು ಕೇಳ್ತೈತೋ ಇಲ್ಲೋ? ಸೋಮವಾರಾದ್ರೂ ಬಿಡು ಅದನ್ನ" ಎಂದ.

ನಕ್ಕೆ, ಆದರೂ ನಿಲ್ಲಿಸಿದೆ. ದುಡಿಸಿ ದುಡಿಸಿ ಯಂತ್ರ ಸವೆದರೆ ಏನು ಗತಿ ಎಂಬ ಭಯ ನನಗೂ ಇತ್ತು. ಸೋಮವಾರಕ್ಕೆ ಅಮಾವಾಸ್ಯೆ ಸೇರಿತು, ಆಮೇಲೆ ಸೆಕೆ ಹೆಚ್ಚಾದ ದಿನಗಳೂ ಸೇರಿದವು. ಭಕ್ತಿಯಲ್ಲಿ ಅಪ್ಪನನ್ನೇ ಮೀರಿಸಿಬಿಟ್ಟೆ.

ಆ ಬೇಸಿಗೆಯಲ್ಲಿ ಸವಣೂರಿನಿಂದ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ತನ್ನ ಮದುವೆಯ ಕ್ಯಾಸೆಟ್ ತಂದಳು. "ಅಕ್ಕಾರ, ನಮ್ಮ ಅಬ್ಬಾ ತೀರಿಕೊಂಡಾಗ ನನ್ನ ಮಗಳು ಹುಟ್ಟಿರಲಿಲ್ರಿ. ಫೋಟೋ ಅದಾವು. ದನಿ ಮಾತ್ರ ಇದರಾಗಷ್ಟ ಐತಿ. ಮಗಳಿಗೆ ಒಮ್ಮೆ ಕೇಳಸ್ಬೇಕ್ರಿ."

ಅವಳಿಗಿಂತ ಮುಂದೆ ಏಳೆಂಟು ಕ್ಯಾಸೆಟ್‌ಗಳಿದ್ದವು. ಅವಳದನ್ನು ಗೋಡೆಯ ಗೂಡಿನಲ್ಲಿಟ್ಟೆ. ಎರಡು ಸಲ ಫೋನ್ ಮಾಡಿ ವಿಚಾರಿಸಿದಳು. ಎರಡು ಸಲವೂ, "ಕಂಪ್ಯೂಟರ್ ಭಾಳ ಕಾದೈತವ್ವಾ, ಆರಾಮ ತಗೊಳ್ಲಿ ಅಂತ ಬಿಟ್ಟೇನಿ" ಎಂದೆ. ಪಾಪ, ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು.

ಒಂದು ಮಧ್ಯಾಹ್ನ ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ಸವೆದೇ ಹೋಯಿತೆಂದು ರಿಪೇರಿಯವರನ್ನು ಕರೆಸಿದೆ. ಅವರು ಬಂದು ಡಬ್ಬಿ ಬಿಚ್ಚಿದರೆ ಫ್ಯಾನಿನ ಸುತ್ತ ಅಂಗೈ ತುಂಬುವಷ್ಟು ಧೂಳು. ಅಂಗಳದಲ್ಲಿ ಗೋವಿನಜೋಳ ಒಕ್ಕಿದಾಗ ಹಾರಿದ ಹೊಟ್ಟೂ ಅದರಲ್ಲಿತ್ತು.

ಸೋಮವಾರದ ಬಿಡುವಿನ ವಿಷಯ ಹೇಳಿದೆ. "ಇದು ದುಡಿದು ಕೆಡೂದಲ್ರಿ" ಎಂದರು. "ಗಾಳಿ ಆಡಿದ್ರ ದಿನಾ ದುಡೀತೈತಿ. ಸವೆದ್ರ ಈ ಫ್ಯಾನ್ ಸವೀತೈತಿ, ಬದ್ಲಿ ಮಾಡಿದ್ರ ಮುಗೀತು. ವಾರ ಹಿಡಿಯೂ ಬದಲಿ ಧೂಳಾ ಹೊಡೀಬೇಕಿತ್ರಿ."

ಅಪ್ಪ ಎದ್ದು ಹೊರಗೆ ಹೋಗಿ ಕೂತ. ಬ್ರಷ್ ಆಡಿಸಿದ ಮೇಲೆ ಯಂತ್ರ ಏನೂ ಆಗದಂತೆ ಶುರುವಾಯಿತು.

ಅಂದೇ ಸವಣೂರಿನ ಕ್ಯಾಸೆಟ್ ತೆಗೆದೆ. ಗೂಡಿನ ಗೋಡೆ ಮಳೆಗೆ ತೇವ ಹಿಡಿದು, ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು ಬಂದಿತ್ತು. ಈ ಕ್ಯಾಸೆಟ್‌ಗಳಲ್ಲಿ ದನಿ ಇರುವುದು ಆ ಅಂಚಿನಲ್ಲೇ. ಮೆತ್ತಗೆ ಒರೆಸಿ ಓಡಿಸಿದೆ. ಟೋಪಿ ಹಾಕಿದ ಹಿರಿಯರೊಬ್ಬರು ಮಗಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದರು. ತುಟಿ ಆಡುವುದು ಕಾಣುತ್ತಿತ್ತು. ಕೇಳಿದ್ದು ಬರೀ ಬುಸ್ಸೆನ್ನುವ ಸದ್ದು. ನನ್ನ ಮೇಲೆ ನನಗೇ ಸಿಟ್ಟು ಬಂದು ಅತ್ತುಬಿಟ್ಟೆ.

ಫೋನ್ ಮಾಡಿ ಕರೆದೆ. ಸವಣೂರಿನವಳು ಮಗಳೊಂದಿಗೆ ಬಂದಳು. "ತಡಾ ಮಾಡಿ ನಾನ ಕೆಡಿಸಿದೆನವ್ವಾ" ಎಂದು ಹೇಳಿಯೇ ತೋರಿಸಿದೆ. ಅಜ್ಜ ಏನು ಹೇಳುತ್ತಿದ್ದಾರೆಂದು ಮಗಳು ತಮ್ಮ ಉರ್ದುವಿನಲ್ಲಿ ಕೇಳಿದಳು. ತಾಯಿ ಪರದೆಯನ್ನೇ ನೋಡುತ್ತ, ನೆನಪಿಲ್ಲವೆಂಬಂತೆ ತಲೆಯಾಡಿಸಿದಳು.

ಹೋಗುವಾಗ ಬಾಗಿಲಲ್ಲಿ ನಿಂತು, ಯಾವ ಕೊಂಕೂ ಇಲ್ಲದೆ ವಿಚಾರಿಸಿದಳು: "ಕಂಪ್ಯೂಟರ್ ಈಗ ಆರಾಮ ಐತೇನ್ರಿ, ಅಕ್ಕಾರ?"

"ಆರಾಮ ಐತವ್ವಾ" ಎಂದೆ. ಅವಳ ಮುಖ ನೋಡಲಾಗಲಿಲ್ಲ.