ಗದ್ದೆಪ್ಪನಿಗೆ ಸಿಗದ ಜಾಗ

ಅಯ್ಯಮ್ಮನಿಗೆ ಚಿಂತೆ ಹತ್ತಿದ್ದು ಮದುವೆಯಾದ ವರ್ಷವೇ. ಗಂಡ ಗದ್ದೆಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಸಂಜೆ ಕುಡಿಯದೆ ಊರ ದಾರಿ ಹಿಡಿದವನಲ್ಲ. ಬಸ್ಸಿಳಿದು ಕಾಲುವೆ ದಂಡೆಯ ಮೇಲೆ ನಡೆದು ಬರಬೇಕು. ಎಲ್ಲಿ ಕಾಲು ಜಾರಿ ನೀರಿಗೆ ಬಿದ್ದನೋ ಎಂದು ಅವಳು ಬಾಗಿಲಲ್ಲೇ ನಿಂತಿರುತ್ತಿದ್ದಳು. ಒಲೆಯ ಮೇಲೆ ಸಾರು ಹೊತ್ತಿದರೂ ಖಬರಿರುತ್ತಿರಲಿಲ್ಲ. ಮಕ್ಕಳಾಗಲಿಲ್ಲ, ಇದ್ದೊಬ್ಬ ಗಂಡನೂ ಹೋದರೆ ಎಂಬ ಹೆದರಿಕೆಯಲ್ಲೇ ಅವಳ ಕೂದಲು ಬೆಳ್ಳಗಾಯಿತು.

ನಾಟಿ ಕೆಲಸಕ್ಕೆ ಜೊತೆಗೆ ಬರುತ್ತಿದ್ದ ಕಸ್ತೂರೆಮ್ಮ ಒಂದು ದಿನ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಾ ಅಂದಳು:

"ಎಲ್ಲಾ ನೀನೇ ಹೊತ್ಕೊಂಡು ಕುಂತ್ರ ಹೆಂಗ ಬೇ? ಒಂದೀಟು ಯೇಸಪ್ಪಗ ಕೊಡು."

ಮುಂದಿನ ಭಾನುವಾರ ಅಯ್ಯಮ್ಮ ಅವಳೊಂದಿಗೆ ಸಿಂಧನೂರಿನ ಪ್ರಾರ್ಥನಾ ಮಂದಿರಕ್ಕೆ ಹೋದಳು. ಪ್ರಾರ್ಥನೆ ಬರಲಿಲ್ಲ, ಬರೀ ಅಳು ಬಂತು. ಯಾಕೆ ಅಳುತ್ತೀ ಎಂದು ಯಾರೂ ಕೇಳಲಿಲ್ಲ. ಅದೇ ಅವಳಿಗೆ ಹಿಡಿಸಿತು. ಆಮೇಲೆ ಬಾಗಿಲಲ್ಲಿ ನಿಂತಾಗಲೆಲ್ಲ ಗಂಡನ ಹೆಸರು ಹೇಳಿ ಯೇಸಪ್ಪನಿಗೆ ಒಪ್ಪಿಸಿ, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಗದ್ದೆಪ್ಪ ಮೊದಮೊದಲು ನಕ್ಕ. ಕೊನೆಗೊಂದು ದಿನ ತಾನೂ ಮಂದಿರಕ್ಕೆ ಬಂದು, ಚಪ್ಪಲಿ ಬಿಡುವಲ್ಲಿ ಕುಳಿತು ಕೇಳಿಸಿಕೊಂಡ. ಕುಡಿತ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ತಗೊಂಡ ಮೇಲೆ ಗದ್ದೆಪ್ಪನ ತಮ್ಮ ಹುಲಿಗೇಶ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹೋದ ವರ್ಷ ಗಿರಣಿಯಲ್ಲಿ ಚೀಲ ಎತ್ತಲು ಬಗ್ಗಿದ ಗದ್ದೆಪ್ಪ ಎದೆ ಹಿಡಿದು ಕುಳಿತವನು ಏಳಲಿಲ್ಲ. ಹೆಣ ಮನೆಯಂಗಳಕ್ಕೆ ಬಂತು. ಹುಲಿಗೇಶ ಊರ ಹಿರಿಯರನ್ನು ಹಿಂದಿಟ್ಟುಕೊಂಡು ಬಂದು ನಿಂತ.

"ನಮ್ಮಪ್ಪನ ಸಮಾಧಿ ಬಾಜು ಅವಗ ಜಾಗ ಇಲ್ಲ. ಮನಿ ದೇವರನ್ನ ಬಿಟ್ಟಾನ. ಎಲ್ಲಿ ಪ್ರಾರ್ಥನಿ ಮಾಡ್ತಿದ್ನೋ ಅಲ್ಲೇ ಒಯ್ರಿ."

ಬಿಸಿಲು ಏರುತ್ತಿತ್ತು. ಅಯ್ಯಮ್ಮ ಗಂಡನ ತಲೆಯ ಹತ್ತಿರ ಕುಳಿತು ಕಣ್ಣು ಮುಚ್ಚಿದಳು. ಜೀವಮಾನವೆಲ್ಲ ಹೆದರಿದ್ದು ಇದಕ್ಕೇ. ಅದು ಬಂದೇ ಬಿಟ್ಟಿತ್ತು. ಎಂದಿನಂತೆ ಅವನ ಹೆಸರು ಹೇಳಿ ಒಪ್ಪಿಸಿದಳು. ಪ್ರಾರ್ಥನೆ ಮುಗಿಸಿ ಮೈದುನನ ಮುಖ ನೋಡಿದಳು.

"ಹುಲಿಗೇಶ, ನಿನಗ ಹಾವು ಕಡದಾಗ ನಿಮ್ಮಣ್ಣ ಈ ಹೆಗಲ ಮ್ಯಾಲೆ ಹೊತ್ಕೊಂಡು ಓಡ್ಯಾನ. ಆ ಹೆಗಲಿಗೆ ನಿನ್ನ ಕೈಲೆ ಹಿಡಿ ಮಣ್ಣು ಹಾಕಾಕ ಆಗ್ಲಿಲ್ಲ."

ಅವನು ನೆಲ ನೋಡಿದ, ಹೊರಟುಹೋದ. ಪ್ರಾರ್ಥನಾ ಮಂದಿರದ ಪಾಸ್ಟರ್ ಅನಿಲಕುಮಾರ ಪೊಲೀಸರನ್ನು ಕರೆಸೋಣ ಅಂದರು.

"ಬ್ಯಾಡ್ರಿ ಅಯ್ಯಾ. ಜಗಳಾಡಿ ತಗೊಂಡ ಮಣ್ಣಾಗ ಅವ ಮಲಗೂದು ಬ್ಯಾಡ."

ಟಂಟಂ ಆಟೋದಲ್ಲಿ ಹೆಣ ಹೇರಿಕೊಂಡು ಮಸ್ಕಿಗೆ ಹೋದರು. ಮಂದಿರದ ಸಭೆಯವರಿಗೆ ಅಲ್ಲೊಂದು ಸಮಾಧಿ ಜಾಗವಿತ್ತು. ರಕ್ತಸಂಬಂಧಿಗಳು ಒಬ್ಬರೂ ಬರಲಿಲ್ಲ.

ಆಮೇಲೆ ಅಯ್ಯಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಳು. ಒಬ್ಬಳೇ ಇರಲು ಹೆದರಿಕೆ ಇಲ್ಲವೇ ಎಂದು ಪಾಸ್ಟರ್ ಕೇಳಿದಾಗ ಎದೆ ಮುಟ್ಟಿಕೊಂಡು ಅಂದಳು: "ಚಿಂತಿ ಹೋಗೇತ್ರಿ. ಆದ್ರ ಈ ಸಿಟ್ಟು ಹೋಗವಲ್ದು."

"ಅದನ್ನೂ ಯೇಸಪ್ಪನಿಗೇ ಹೇಳಮ್ಮ" ಅಂದರು ಅವರು. ಅವಳು ದಿನಾ ಹೇಳಿದಳು. ಹೋಗಲಿಲ್ಲ.

ಸುಗ್ಗಿ ಮುಗಿದ ಮೇಲೆ ಹುಲಿಗೇಶನ ಹೆಂಡತಿ ಮಾರೆಮ್ಮ ಹಿತ್ತಲ ಬಾಗಿಲಿಂದ ಬಂದಳು. "ಅಕ್ಕಾ, ನಮ್ಮ ಮನಿಯವರನ್ನ ಲಿಂಗಸುಗೂರು ದವಾಖಾನ್ಯಾಗ ಹಾಕೀವಿ. ಜ್ವರ ನೆತ್ತಿಗೇರೇತಿ. ನಿಮ್ಮ ದೇವರಿಗೆ ಒಂದು ಮಾತು ಕೇಳ್ರಿ."

"ನಿನ್ನ ಗಂಡ ಕಳಿಸ್ಯಾನೇನು?"

"ಇಲ್ಲಕ್ಕಾ. ಗೊತ್ತಾದ್ರ ಬಡಿತಾರ."

ಅಯ್ಯಮ್ಮ ಹಿತ್ತಲ ಬಾಗಿಲು ಹಾಕಿಕೊಂಡಳು. ಆಮೇಲೆ ಮಾರೆಮ್ಮನ ಕೈ ಹಿಡಿದು, ಅವಳಿಗೂ ಕೇಳುವಂತೆ ಪ್ರಾರ್ಥಿಸಿದಳು. "ಯೇಸಪ್ಪಾ, ಈಕಿ ಗಂಡನ್ನ ಉಳಸು. ನನಗ ಮನಸಿಲ್ಲ, ನಿನ್ನ ಮುಂದ ಸುಳ್ಳು ಹೇಳಂಗಿಲ್ಲ. ಆದ್ರೂ ಉಳಸು."

ಹುಲಿಗೇಶ ಉಳಿದ. ದವಾಖಾನೆಯಿಂದ ಬಂದ ವಾರದಲ್ಲೇ ಅವಳ ಮನೆಯ ಮುಂದೆ ಗಾಡಿ ಮೇಲೆ ಹೋದ, ಮುಖ ತಿರುಗಿಸಿಕೊಂಡೇ.

ಭಾನುವಾರ ಅಯ್ಯಮ್ಮ ಮಸ್ಕಿಗೆ ಹೋಗಿ ಗಂಡನ ಸಮಾಧಿಯ ಮೇಲಿನ ಹುಲ್ಲು ಕಿತ್ತಳು.

"ನಿನ್ನ ತಮ್ಮ ಉಳದಾನ" ಅಂದಳು. "ನನ್ನ ಸಿಟ್ಟೂ ಉಳದೇತಿ." ಕೈಗೆ ಹತ್ತಿದ ಮಣ್ಣನ್ನು ಅಲ್ಲೇ ಕೊಡವಿ ಎದ್ದಳು.